ಉಂಡು ಹೋಗು ನಾಯ್ನಾ

ಕುರುಗೋಡಿನ ಗುಡ್ಡದ ಬುಡದಲ್ಲಿದ್ದ ಹಳೆಯ ಕಲ್ಲಿನ ಮನೆಯನ್ನು ಸಿನಿಮಾದವರು ಬಾಡಿಗೆಗೆ ಹಿಡಿದಿದ್ದರು. ಜಗಲಿಗೆ ಸಗಣಿ ಸಾರಿಸಿ, ಒಣಗುವ ಮೊದಲೇ ಅದರ ಮೇಲೆ ಲೈಟು ನಿಲ್ಲಿಸಿ, ಗುರುತು ಬಿತ್ತೆಂದು ಮತ್ತೆ ಸಾರಿಸಿದ್ದರು. ಕಾವೇರಿ ಹೊಸ್ತಿಲ ಮೇಲೆ ಕೂತು ಸಂಭಾಷಣೆಯ ಹಾಳೆ ಓದುತ್ತಿದ್ದಳು. ಓದಿದಷ್ಟೂ ಮೈ ಉರಿಯುತ್ತಿತ್ತು.

ಹೊಡೆದು ಓಡಿಸಿದ ಹೆಂಡತಿಯನ್ನು ಕರೆದೊಯ್ಯಲು ಅಳಿಯ ಬರುತ್ತಾನೆ. ಹುಡುಗಿಯ ತಾಯಿ, ಅದೇ ಕಾವೇರಿಯ ಪಾತ್ರ, ಬಾಗಿಲಿಗೆ ಅಡ್ಡ ನಿಂತು ಗುಡುಗುತ್ತಾಳೆ: "ಲೇ ಮಗನ, ಹೊಸ್ತಿಲಾ ದಾಟಿದ್ಯೋ, ಕಾಲು ಮುರದು ಕೈಯಾಗ ಕೊಡ್ತೀನಿ!"

ಕತೆ ಕೇಳಿದಾಗ ಕಾವೇರಿ ಸಂಭಾವನೆಯ ಮಾತೆತ್ತದೆ ಒಪ್ಪಿಕೊಂಡಿದ್ದಳು. ಅವಳಿಗೆ ಮದುವೆಯಾದ ಹೊಸದರಲ್ಲಿ ಇದೇ ಬಳ್ಳಾರಿ ಸೀಮೆಯ ಕರೂರಿನ ತವರು ಮನೆಗೆ ಹೀಗೆಯೇ ಅವಳ ಗಂಡ ಬಂದು ನಿಂತಿದ್ದ. ಅವಳು ಒಳಗೆ ಭತ್ತದ ಚೀಲಗಳ ಹಿಂದೆ ಊದಿದ ಕೆನ್ನೆ ಹಿಡಿದು ಕೂತಿದ್ದಳು. ಅವ್ವ ಅಂಬಮ್ಮ ಗುಡುಗಲಿಲ್ಲ. ಬಂದವನಿಗೆ ತಂಬಿಗೆಯಲ್ಲಿ ನೀರು ಚಾಚಿದಳು. "ಕೈಕಾಲು ತೊಳ್ಕ ನಾಯ್ನಾ. ಉಂಡು ಹೋಗು. ಆಕಿ ಬರಂಗಿಲ್ಲ."

ಮಗನಾಗಲಿ ಅಳಿಯನಾಗಲಿ, ಅವ್ವನಿಗೆ ಎಲ್ಲರೂ ನಾಯ್ನಾನೇ. ಅಪ್ಪಾ ಎಂದು ಅಕ್ಕರೆಯಿಂದ ಕರೆಯುವ, ತೆಲುಗು ಬೆರೆತ ಊರಿನ ಮಾತು ಅದು. ಅಳಿಯ ಕೂಗಾಡಿದ, ಪಂಚಾಯ್ತಿ ಸೇರಿಸುತ್ತೇನೆಂದ, ಅತ್ತ. ಅವ್ವ ಒಂದು ಅಕ್ಷರ ಬದಲಿಸದೆ ಮತ್ತೆ ಮತ್ತೆ ಅದನ್ನೇ ಹೇಳಿದಳು. ಕೊನೆಗೆ ಅವನು ಜಗಲಿಯ ಮೇಲೇ ಕೂತು ಉಂಡು ಹೋದ. ಮತ್ತೆ ಬರಲಿಲ್ಲ. ಅವ್ವನನ್ನು ಮಣ್ಣು ಮಾಡಿ ಎಷ್ಟೋ ವರ್ಷವಾದರೂ ಆ ದನಿ ಕಾವೇರಿಯ ಕಿವಿಯಲ್ಲಿ ಹಾಗೇ ಇತ್ತು. ಒಮ್ಮೆ, ಒಂದೇ ಒಂದು ಸಲ, ಅದನ್ನು ತನ್ನ ಬಾಯಿಂದ ಪರದೆಯ ಮೇಲೆ ಹೇಳಬೇಕು ಎಂಬುದೊಂದೇ ಅವಳ ಆಸೆ.

ತನ್ನ ಬಾಯಿಂದ ಎನ್ನುವುದೇ ಅವಳ ಪಾಲಿಗೆ ದೊಡ್ಡ ಮಾತಾಗಿತ್ತು. ಗಂಡನನ್ನು ಬಿಟ್ಟ ಮೇಲೆ ಸುತ್ತಲ ಹಳ್ಳಿಗಳ ಹುಡುಗರ ನಾಟಕಗಳಲ್ಲಿ ಹೆಣ್ಣು ಪಾತ್ರಕ್ಕೆ ಹೋದಳು. ಅಲ್ಲಿಂದ ಬಳ್ಳಾರಿ, ಬಳ್ಳಾರಿಯಿಂದ ಬೆಂಗಳೂರು. ಧಾರಾವಾಹಿಯವರು ಮುಖ ಮೆಚ್ಚಿದರು, ಮಾತು ಮೆಚ್ಚಲಿಲ್ಲ. "ಸ್ಲ್ಯಾಂಗ್ ಬರುತ್ತೆ ಮೇಡಂ" ಎಂದು ಮೊದಲ ಧಾರಾವಾಹಿಗಳಲ್ಲೆಲ್ಲ ಬೇರೆಯವರಿಂದ ದನಿ ಕೊಡಿಸಿದರು. ಅವಳು ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ನಿಂತು "ಐತಿ"ಯನ್ನು "ಇದೆ" ಮಾಡಿದಳು, "ಮನಿ"ಯನ್ನು "ಮನೆ" ಮಾಡಿದಳು. ಆಮೇಲೆ ಒಳ್ಳೆಯ ಅತ್ತೆ, ಕೆಟ್ಟ ಅತ್ತೆ, ಗಾಲಿ ಕುರ್ಚಿಯ ಅತ್ತೆ. ಈಗ ನಿದ್ದೆಯಲ್ಲಿ ಕನವರಿಸಿದರೂ ಬೆಂಗಳೂರಿನ ಕನ್ನಡವೇ.

ಅವಳು ಹಾಳೆ ಹಿಡಿದು ನಿರ್ದೇಶಕನ ಬಳಿ ಹೋದಳು. ಹುಡುಗನೇನೂ ಒರಟನಲ್ಲ.

"ಸರ್, ಈ ಕಡೆ ಹೀಗೆ ಮಾತಾಡಲ್ಲ."

"ಮೇಡಂ, ಉತ್ತರ ಕರ್ನಾಟಕ ಅಂದ್ರೆ ಜನಕ್ಕೆ ಖಡಕ್ ಬೇಕು."

"ನಮ್ಮವ್ವ ಹೀಗೆ ಹೇಳಿದ್ದಳು" ಎಂದು ಅವಳು ಆ ಮಾತು ಹೇಳಿ ತೋರಿಸಿದಳು.

ಅವನು ತಲೆ ಕೆರೆದುಕೊಂಡ. "ನಾಯ್ನಾ ಅಂದ್ರೆ ತೆಲುಗು ಪಿಕ್ಚರ್ ಅಂದ್ಕೋತಾರೆ. ಊಟಕ್ಕೆ ಬೇರೆ ಕರೀತಿದೀರ. ಅವನು ವಿಲನ್ ಮೇಡಂ!"

"ಅದಕ್ಕೇ ಸರ್ ಕರೆಯೋದು."

ಅವನಿಗೆ ಅರ್ಥವಾಗಲಿಲ್ಲ. ಮುಖ ನೋಡಿ ಪಾಪವೆನಿಸಿತೋ ಏನೋ, "ಒಂದು ಟೇಕ್ ನಿಮ್ಮ ಖುಷಿಗೆ ಮಾಡಿ. ಇನ್ನೊಂದು ನಮ್ಮ ಹಾಳೆ ಪ್ರಕಾರ" ಎಂದ.

ಅಷ್ಟರಲ್ಲಿ ಅಕ್ಕ ದೊಡ್ಡಬಸಮ್ಮ ಕರೂರಿನಿಂದ ಎರಡು ಬಸ್ಸು ಬದಲಿಸಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಕೊಂಡು ಬಂದಿದ್ದಳು. ತಂಗಿಗೆ ಪಾತ್ರಕ್ಕೆಂದು ಉಡಿಸಿದ್ದ ಹರಕು ಸೀರೆ ನೋಡಿ, "ಇದನ್ನ ಉಡಾಕ ಬೆಂಗ್ಳೂರಿಗಿ ಹೋಗಬೇಕಿತ್ತೇನಲೇ? ನಮ್ಮ ಮನ್ಯಾಗ ಬೇಕಾದಷ್ಟು ಅದಾವು" ಎಂದು ನಕ್ಕಳು.

ಮೊದಲ ಟೇಕಿಗೆ ಕಾವೇರಿ ಒಳಗಿನಿಂದ ಒಂದು ತಂಬಿಗೆ ತಂದು ಕೈಯಲ್ಲಿ ಹಿಡಿದಳು. ಬಾಯಿ ತೆರೆದರೆ ಧಾರಾವಾಹಿಯ ಅತ್ತೆ ಬಂದು ಕೂತಳು. ಪದಗಳು ಅವ್ವನವು, ರಾಗ ಬೆಂಗಳೂರಿನದು. ಅವಳಿಗೇ ಕೇಳಿಸಿತು. ನಾಚಿಕೆಯಾಗಿ ತಾನೇ ನಿಲ್ಲಿಸಿದಳು.

ಕ್ಯಾಮೆರಾದ ಹಿಂದಿನಿಂದ ದೊಡ್ಡಬಸಮ್ಮ ಕೂಗಿದಳು: "ಅಷ್ಟು ನೀಟಾಗಿ ಹೇಳಬ್ಯಾಡಲೇ! ಅವ್ವಗ ಅವತ್ತು ಒಲಿ ಮ್ಯಾಲ ಸಾರು ಕುದಿಯಾಕ ಹತ್ತಿತ್ತು, ಲಗೂನ ಒಳಗ ಹೋಗಬೇಕಿತ್ತು."

ಯಾರೋ ಅವಳನ್ನು ಸುಮ್ಮನಿರಿಸಿದರು. ಆದರೆ ಕಾವೇರಿಗೆ ಸಾರಿನ ವಾಸನೆ ಬಂದೇಬಿಟ್ಟಿತು. ಮತ್ತೆ ನಿಂತಳು. ತಂಬಿಗೆ ಚಾಚಿದಳು. ಈ ಸಲ ಮಾತು ಎದೆಯಿಂದಲ್ಲ, ಮೊಣಕೈಯಿಂದ ಬಂದಂತೆ ಬಂತು, ಕೆಲಸದ ನಡುವೆ ಆಡಿದ ಹಾಗೆ. "ಆಕಿ ಬರಂಗಿಲ್ಲ" ಎಂದಾಗ ದೊಡ್ಡಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಚೆನ್ನಾಗಿತ್ತು ಮೇಡಂ" ಎಂದ ನಿರ್ದೇಶಕ. "ತಂಬಿಗೆ ತೆಗೀರಪ್ಪ. ಈಗ ನಮ್ಮದು."

ಕಾವೇರಿ ಕಾಲು ಮುರಿಯುವ ಮಾತು ಗುಡುಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಡಬ್ಬಿಂಗಿಗೆ ಕರೆ ಬರುತ್ತದೆಂದು ಕಾದಳು. ಬರಲಿಲ್ಲ. ತಾನೇ ಫೋನ್ ಮಾಡಿದಾಗ ಆಫೀಸಿನವರು, "ಆಯ್ತಲ್ಲ ಮೇಡಂ, ಹುಬ್ಬಳ್ಳಿ ಕಡೆಯವರೊಬ್ಬರು ಮಾಡಿಕೊಟ್ರು. ಪಕ್ಕಾ ಉತ್ತರ ಕರ್ನಾಟಕ ವಾಯ್ಸ್" ಎಂದರು. ಫೋನ್ ಇಟ್ಟು, ಮಾಡುತ್ತಿದ್ದ ಪಲ್ಯ ಸೀದು ಹೋಗುವವರೆಗೂ ನಿಂತೇ ಇದ್ದಳು. ಮೊದಲು ಅವಳ ಮಾತು ಬಳ್ಳಾರಿಯದು ಎಂದು ಬೇಡವಾಗಿತ್ತು. ಈಗ ಬಳ್ಳಾರಿಯ ಕತೆಗೂ ಅದು ಸಾಲದೆ ಹೋಯಿತು.

ಸಿನಿಮಾ ಬಳ್ಳಾರಿಗೆ ಬಂದಾಗ ದೊಡ್ಡಬಸಮ್ಮ ಹಟ ಹಿಡಿದು ಅವಳನ್ನು ಮಧ್ಯಾಹ್ನದ ಆಟಕ್ಕೆ ಎಳೆದೊಯ್ದಳು. ಆ ದೃಶ್ಯ ಬಂತು. ಬಾಗಿಲಲ್ಲಿ ಕಾವೇರಿಯ ಮುಖ, ತುಂಬಿದ ಕಣ್ಣು, ಮೆಲ್ಲಗೆ ಅಲುಗುವ ತುಟಿ. ಅದು ಅವ್ವನ ಮಾತು ಆಡಿದ ಟೇಕು. ಕೈಯಲ್ಲಿ ತಂಬಿಗೆ ಹಾಗೇ ಇತ್ತು. ಅದರ ಮೇಲೆ ಯಾರದೋ ದನಿ ಗುಡುಗಿತು: "ಕಾಲು ಮುರದು ಕೈಯಾಗ ಕೊಡ್ತೀನಿ!" ಚಿತ್ರಮಂದಿರದ ತುಂಬ ಶಿಳ್ಳೆ.

"ಲೇ ಕಾವೇರಿ," ದೊಡ್ಡಬಸಮ್ಮ ಜೋರಾಗಿಯೇ ಕೇಳಿದಳು, "ತಂಬಿಗಿ ಹಿಡ್ಕಂಡು ಯಾರರ ಕಾಲು ಮುರೀತಾರನು?"

"ಯಮ್ಮಾ, ಸುಮ್ಕ ನೋಡ್ರಿ" ಎಂದು ಮುಂದಿನ ಸಾಲಿನವನು ತಿರುಗಿದ.

"ಏನ್ ನೋಡಾದು? ಆಕಿ ತುಟಿ ನೋಡು, ಉಣ್ಣಾಕ ಕರಿಯಾಕ ಹತ್ತ್ಯಾಳ!"

ಕಾವೇರಿಗೆ ನಗು ಬರಲಿಲ್ಲ. ಮುಖ ಅವರಿಗೆ ಬೇಕಾಗಿತ್ತು. ಅವ್ವನಾಗಿ ನಿಂತ ಆ ಮುಖವನ್ನೇ ಆರಿಸಿಕೊಂಡು, ಅದರ ಬಾಯಿಯೊಳಗೆ ಅವ್ವ ಎಂದೂ ಆಡದ ಮಾತು ತುರುಕಿದ್ದರು.

ಹೊರಗೆ ಬಂದಾಗ ಇಬ್ಬರು ಕಾಲೇಜು ಹುಡುಗಿಯರು ಗುರುತು ಹಿಡಿದು ಓಡಿ ಬಂದರು. "ಮೇಡಂ, ಏನ್ ಡೈಲಾಗ್ ಹೊಡದ್ರಿ! ಒಂದ್ಸಲ ಹೇಳ್ರಿ ಮೇಡಂ, ವಿಡಿಯೊ ಮಾಡ್ಕಂತೀವಿ." ಒಬ್ಬಳು ಫೋನ್ ಎತ್ತಿ ಹಿಡಿದಳು.

ಕಾವೇರಿ ಸೆರಗು ಸರಿಮಾಡಿಕೊಂಡು ಫೋನಿನತ್ತ ನೋಡಿದಳು.

"ಕೈಕಾಲು ತೊಳ್ಕ ನಾಯ್ನಾ. ಉಂಡು ಹೋಗು. ಆಕಿ ಬರಂಗಿಲ್ಲ."

ಹುಡುಗಿಯರು ಮುಖ ಮುಖ ನೋಡಿಕೊಂಡರು. "ಇದಲ್ಲ ಮೇಡಂ. ಕಾಲು ಮುರೀತೀನಿ ಅಂದ್ರಲ್ಲ, ಅದು."

"ಕೈಕಾಲು ತೊಳ್ಕ ನಾಯ್ನಾ. ಉಂಡು ಹೋಗು. ಆಕಿ ಬರಂಗಿಲ್ಲ."

ಫೋನ್ ನಿಧಾನವಾಗಿ ಕೆಳಗಿಳಿಯಿತು. "ಬಿಡ್ರಿ ಮೇಡಂ" ಎಂದು ಅವರು ಸಪ್ಪಗಾಗಿ ಹೊರಟರು.

"ಸಾಕು ಬಾರಲೇ, ಬಸ್ಸು ಹೊಕ್ಕತಿ" ಎಂದಳು ದೊಡ್ಡಬಸಮ್ಮ. "ಎಷ್ಟು ಸಲ ಅಂತೀ ಅದನ್ನ?"

"ಅವ್ವ ಎಷ್ಟು ಸಲ ಅಂದಿದ್ಲು?"

ಬಸ್ಸಿನತ್ತ ಹೊರಟಿದ್ದ ದೊಡ್ಡಬಸಮ್ಮ ತಿರುಗಿದಳು. "ಆತ ಉಣ್ಣಾಕ ಕುಂದ್ರೋ ತನಕ."