ಗಾಳಿಯಿಲ್ಲದ ಪೆನಾಲ್ಟಿ

ಮೂವತ್ತೆಂಟು ಅಂತರರಾಷ್ಟ್ರೀಯ ಪಂದ್ಯ, ಗೆಲುವು ಸೊನ್ನೆ, ಹೊಡೆದ ಗೋಲು ಸೊನ್ನೆ, ತಿಂದ ಗೋಲು ಮಾತ್ರ ಕೇಳಬೇಡಿ. ಉತ್ತರದ ಕಡಲ ನಡುವಿನ ಆ ಪುಟ್ಟ ದ್ವೀಪದೇಶದ ಕಿರಿಯ ಹುಡುಗಿಯರ ಫುಟ್‌ಬಾಲ್ ತಂಡದ ಜಾತಕವೇ ಹಾಗಿತ್ತು. ಈ ಸಲ ಒಂದಾದರೂ ಗೋಲು ಹೊಡೆಯದಿದ್ದರೆ ತಂಡಕ್ಕೇ ಬೀಗ ಎಂದು ಸಂಘದ ಅಧ್ಯಕ್ಷ ಹಾನುಸ್ ಹೇಳಿಬಿಟ್ಟಿದ್ದ. ಹೇಳಿದವನೇ ಕೋಚ್ ಸೂಲ್ರುನ್ ಕೈಗೆ ದಾರಿಗೆಂದು ಒಣಗಿಸಿದ ಕುರಿತೊಡೆಯನ್ನೂ ಕೊಟ್ಟು ಹಡಗು ಹತ್ತಿಸಿದ. ಮನುಷ್ಯ ಕೆಟ್ಟವನಲ್ಲ, ಬಾಯಿ ಸ್ವಲ್ಪ ಜಾಸ್ತಿ.

ಪಂದ್ಯ ನಡೆದದ್ದು ದೂರದ ದೊಡ್ಡ ಊರೊಂದರ, ಸೂರು ಮುಚ್ಚಿದ ಕ್ರೀಡಾಂಗಣದಲ್ಲಿ. ಮುಗಿಯಲು ಎರಡು ನಿಮಿಷ ಇರುವಾಗ ಆರು ಗೋಲು ತಿಂದಾಗಿತ್ತು. ಆಗ ಎದುರಾಳಿಯ ಹುಡುಗಿಯೊಬ್ಬಳು ಸುಮ್ಮನಿರಲಾರದೆ ತನ್ನ ಗೋಲಿನ ಮುಂದೆಯೇ ಚೆಂಡಿಗೆ ಕೈ ತಗುಲಿಸಿದಳು. ಪೆನಾಲ್ಟಿ! ತಂಡಕ್ಕೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ಪೆನಾಲ್ಟಿ. ಎದುರಾಳಿಯ ಗೋಲಿನ ತನಕ ಹೋಗಿದ್ದರೆ ತಾನೆ ಮುಂಚೆ ಸಿಗುವುದು!

"ಬಿರ್ನಾ, ಕಲಿಸಿದ ಹಾಗೇ ಒದಿಯೇ!" ಎಂದು ಸೂಲ್ರುನ್ ಒದೆಯಲು ನಿಂತ ಹುಡುಗಿಗೆ ಗಂಟಲು ಹರಿಯುವಂತೆ ಕೂಗಿದಳು.

ಅಷ್ಟರಲ್ಲಿ ರಾಕುಲ್ ಎಂಬ ಹುಡುಗಿ ಓಡಿಬಂದು ಹುಲ್ಲಿನ ಮೇಲೆ ಬೋರಲು ಮಲಗಿ, ಚೆಂಡಿನ ಮೇಲೆ ಒಂದು ಬೆರಳಿಟ್ಟಳು. ದ್ವೀಪದಲ್ಲಿ ಹಾಗೆ ಹಿಡಿಯದಿದ್ದರೆ ಚೆಂಡು ಗಾಳಿಗೆ ಉರುಳಿ ಕಡಲು ಸೇರುತ್ತದೆ. ಇಲ್ಲೋ, ಮೂಲೆಯ ಬಾವುಟ ಕೂಡ ಅಲುಗುತ್ತಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಎದುರಾಳಿಯ ಗೋಲ್‌ಕೀಪರಂತೂ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿಯೇಬಿಟ್ಟಳು. ಅಯ್ಯೋ, ಕಣ್ಣು ಮುಚ್ಚಿ ಒದ್ದರೂ ಗೋಲಾಗಬೇಕು!

ಬಿರ್ನಾ ಕಣ್ಣು ಬಿಟ್ಟೇ ಒದ್ದಳು, ಬಲಗಂಬದಿಂದ ಎರಡು ಮಾರು ಆಚೆಗೆ ಗುರಿಯಿಟ್ಟು. ಊರಿನಲ್ಲಾದರೆ ಪಡುವಣ ಗಾಳಿ ಚೆಂಡನ್ನು ಕೈಹಿಡಿದು ಒಳಗೆ ಕರೆತರುತ್ತಿತ್ತು. ಇಲ್ಲಿ ಅದು ಇಟ್ಟ ಗುರಿ ತಪ್ಪದೆ ಎರಡು ಮಾರು ಆಚೆಗೇ ಹೋಯಿತು.

ಪಂದ್ಯ ಮುಗಿದ ಕೂಡಲೇ ಹಾನುಸ್ ಫೋನ್ ಬಂತು. ಇನ್ನು ತಂಡದ ಕಥೆ ಮುಗಿಯಿತು ಎಂದುಕೊಂಡೇ ಸೂಲ್ರುನ್ ಎತ್ತಿದಳು.

"ಟೀವೀಲಿ ನೋಡ್ದೆ. ಒದ್ದಿದ್ದು ಸರಿಯಾಗೇ ಇತ್ತು! ಇಡೀ ಊರೇ ಹೇಳ್ತಿದೆ, ನಮ್ಮ ಮೈದಾನದಲ್ಲಾಗಿದ್ರೆ ಗೋಲೇ ಅಂತ. ಆಟದ ಬಯಲಿಗೆ ಸೂರು ಹಾಕ್ತಾರಲ್ಲ, ಅವರಿಗೆ ಬುದ್ಧಿ ಬೇಡ್ವಾ? ದೂರು ಬರೀತೀನಿ. ತಂಡ ಮುಚ್ಚೋ ಮಾತೆಲ್ಲ ಬಿಡು, ನನ್ನ ಪಾಲಿಗೆ ಅದು ಗೋಲೇ."

ಸೂಲ್ರುನ್‌ಗೆ ಹೋದ ಜೀವ ಬಂದಂತಾಯಿತು, ಜೊತೆಗೇ ನಾಚಿಕೆಯೂ ಆಯಿತು. ಬೆಂಚಿನ ಮೇಲೆ ಬಿರ್ನಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಅಳಬೇಡ ಕಣೇ, ತಂಡ ಉಳೀತು. ನೀನು ನಾನು ಕಲಿಸಿದ ಹಾಗೇ ಒದ್ದೆ."

"ಅದಕ್ಕೇ ಚೆಂಡು ಆಚೆ ಹೋಗಿದ್ದು! ನಾಳೆಯಿಂದ ನೆಟ್ಟಗೆ ಒದೆಯೋದು ಹೇಳ್ಕೊಡಿ."

ಇಪ್ಪತ್ತು ವರ್ಷ ದ್ವೀಪದ ಮೈದಾನಗಳಲ್ಲೇ ಆಡಿದ ಸೂಲ್ರುನ್ ಅವಳ ಪಕ್ಕ ಮೆಲ್ಲಗೆ ಕೂತಳು.

"ಅದು ನನಗೂ ಬರಲ್ಲ ಕಣೇ," ಎಂದಳು.