ಮುಂದೆ ಯಾರೂ ಕೂರದ ಟ್ರ್ಯಾಕ್ಟರ್

ಬಸವೇಶ್ವರಿಗೆ ರೊಟ್ಟಿ ಬಡಿಯುವಾಗಲೇ ಕನಸು ಬೀಳುತ್ತಿತ್ತು. ನಿದ್ದೆಯ ಕನಸಾದರೆ ಎದ್ದು ಮುಖ ತೊಳೆದರೆ ಹೋಗುತ್ತದೆ. ಇದು ಹಾಗಲ್ಲ. ಕೈ ತನ್ನ ಪಾಡಿಗೆ ರೊಟ್ಟಿ ತಟ್ಟುತ್ತಿರುತ್ತದೆ, ಕಣ್ಣು ತೆರೆದೇ ಇರುತ್ತದೆ, ಎದುರಿನ ಗೋಡೆ ಮಾತ್ರ ಮೆಲ್ಲಗೆ ಕರಗಿ ಹೊಳೆದಂಡೆಯ ಎರೆ ಹೊಲವಾಗುತ್ತದೆ. ಮಳೆ ಆಗಷ್ಟೇ ನಿಂತಿದೆ. ಕಪ್ಪು ಮಣ್ಣಿನ ಮೇಲೆ ತೆಳ್ಳಗೆ ಹಬೆ ಆಡುತ್ತಿದೆ. ಅದರೊಳಗಿಂದ ಒಂದು ಟ್ರ್ಯಾಕ್ಟರ್ ದೋಣಿಯ ಹಾಗೆ ಸದ್ದಿಲ್ಲದೆ ತೇಲಿ ಬರುತ್ತದೆ. ಅದರ ಮುಂದಿನ ಬಂಪರಿನ ಮೇಲೆ ಯಾರೂ ಕುಳಿತಿಲ್ಲ.

ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿರುತ್ತಿತ್ತು.

"ಇವತ್ತೂ ಹೊತ್ತಿಸಿದಿ? ಎಲ್ಲಿರ್ತೈತಿ ನಿನ್ನ ಲಕ್ಷ್ಯ?" ಎಂದು ಗಂಡ ಕಾಶಪ್ಪ ಕೇಳುತ್ತಿದ್ದ.

"ಹೊಲದಾಗ," ಎನ್ನುತ್ತಿದ್ದಳು ಅವಳು. ಅದು ಸುಳ್ಳೇನೂ ಆಗಿರಲಿಲ್ಲ.

ಕುಳಗೇರಿ ಕ್ರಾಸಿನಿಂದ ಒಳಗೆ ಹೋದರೆ ಮಲಪ್ರಭೆಯ ದಂಡೆಗೆ ಅವರ ಊರು. ದಂಡೆಗೆ ಅಂಟಿಕೊಂಡೇ ಅವರ ಆರು ಎಕರೆ ಎರೆ ಭೂಮಿ. ಬೆಳೆಯಲ್ಲಿ ಎಂದೂ ಮೋಸ ಮಾಡದ ಮಣ್ಣು, ಆದರೆ ಹಸಿಯಿದ್ದಾಗ ಕಾಲಿಟ್ಟರೆ ಚಪ್ಪಲಿ ವಾಪಸು ಕೊಡುವುದಿಲ್ಲ. ಹಿಂಗಾರಿ ಜೋಳಕ್ಕೆ ಹದ ಸಿಗುವುದು ಮೂರೋ ನಾಲ್ಕೋ ದಿನ. ಆ ದಿನಗಳಲ್ಲಿ ಬಾಡಿಗೆ ಟ್ರ್ಯಾಕ್ಟರ್ ಬಂದರೆ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತಿತ್ತು, ಎಳೆತದ ಭಾರಕ್ಕೆ ಮೂತಿ ಮೇಲೇಳುತ್ತಿತ್ತು. ಅದಕ್ಕೆ ಊರಿನವರು ಕಂಡುಕೊಂಡ ಮದ್ದು ಒಂದೇ, ಮುಂದೆ ಮಂದಿ ಕೂರಿಸುವುದು. ಮನೆಯ ಹೆಂಗಸರು ಬಂಪರಿನ ಮೇಲೆ ಕುಳಿತರೆ ಮೂತಿ ನೆಲ ಬಿಡುವುದಿಲ್ಲ ಎಂದು ಎಲ್ಲರ ನಂಬಿಕೆ.

ಹೋದ ವರ್ಷ ಬಸವೇಶ್ವರಿ ಹಾಗೇ ಕುಳಿತಿದ್ದಳು, ಓಡಿಸುತ್ತಿದ್ದವನು ಕಾಶಪ್ಪನೇ. ಮೂತಿ ಒಮ್ಮೆಲೇ ಎದ್ದು ಧಪ್ಪನೆ ಇಳಿಯಿತು. ಅವಳು ಜಾರಿ ಕೆಸರಿಗೆ ಬಿದ್ದಳು. ಮುಂದಿನ ಗಾಲಿ ಅವಳ ಸೊಂಟದಿಂದ ಒಂದು ಗೇಣು ದೂರದಲ್ಲಿ ನಿಂತಿತು. "ಏನಾಗಿಲ್ಲ ಏಳ, ನೆಲ ಮೆತ್ತಗೈತಿ," ಎಂದು ಕಾಶಪ್ಪ ನಗಲು ನೋಡಿದ, ನಗು ಬರಲಿಲ್ಲ. ಮನೆಗೆ ಬಂದು ಗುಳೇದಗುಡ್ಡದ ಖಣದ ಕುಪ್ಪಸವನ್ನು ಅವಳು ಮೂರು ಸಲ ಒಗೆದಳು. ಕೆಸರಿನ ಕರೆ ಹೋಗಲಿಲ್ಲ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲೂ ಇಲ್ಲ.

ಈ ವರ್ಷ ಸ್ವಂತ ಟ್ರ್ಯಾಕ್ಟರ್ ತರುವುದೆಂದು ನಿರ್ಧಾರವಾಯಿತು. ಯಾವುದು ಎಂದು ಕೇಳುವ ಹಾಗೇ ಇರಲಿಲ್ಲ. ಕಾಶಪ್ಪನ ಅಣ್ಣ ಹನಮಂತಪ್ಪನ ಹತ್ತಿರ ಟೂ ವೀಲ್ ಡ್ರೈವ್ ಇತ್ತು, ಕಾಶಪ್ಪನಿಗೂ ಅದೇ ಬೇಕು. ಅಣ್ಣ ಮೀಸೆ ಬಿಟ್ಟಾಗ ಮೀಸೆ ಬಿಟ್ಟವನು, ಟ್ರ್ಯಾಕ್ಟರಿನಲ್ಲಿ ಬೇರೆ ದಾರಿ ಹಿಡಿಯುತ್ತಾನೆಯೇ?

ಅದೇ ವಾರ ಹನಮಂತಪ್ಪನ ಟ್ರ್ಯಾಕ್ಟರಿನ ಕ್ಲಚ್ ನೋಡಲು ಖುಶನುಮಾ ಬಂದಳು. ಕುಳಗೇರಿ ಕ್ರಾಸಿನಲ್ಲಿ ಗ್ಯಾರೇಜ್ ಇಟ್ಟಿರುವ ಫಕ್ರುಸಾಬನ ಮಗಳು. ಅಪ್ಪನ ಕೈಕೆಳಗೆ ಕಲಿತು, ಈಗ ಅಪ್ಪನಿಗೇ ಪಾನಾ ಎತ್ತಿಕೊಡಲು ಹೇಳುವಷ್ಟು ಬೆಳೆದವಳು. ಬಸವೇಶ್ವರಿ ಚಹಾ ಕೊಟ್ಟು ಮೆಲ್ಲಗೆ ಕೇಳಿದಳು.

"ಖುಶನುಮಾ, ಮುಂದ ಯಾರೂ ಕುಂದರದ ಟ್ರ್ಯಾಕ್ಟರ್ ಇರ್ತೈತೇನು?"

ಖುಶನುಮಾ ನಗಲಿಲ್ಲ. "ಕಾಕು, ಯಾವ ಟ್ರ್ಯಾಕ್ಟರ್ ಮುಂದೂ ಮಂದಿ ಕುಂದರಬಾರದು. ನಿಮ್ಮ ಹೊಲ ಯಾವುದು, ಎರಿ ಏನು?"

"ಎರಿನ. ಹೊಳಿದಂಡಿದು."

"ಹಂಗಾರ ಫೋರ್ ವೀಲ್ ನೋಡ್ರಿ."

ಕಟ್ಟೆಯ ಮೇಲಿದ್ದ ಕಾಶಪ್ಪನಿಗೆ ಇದು ಕೇಳಿಸಿತು. "ಏನ್ ತಂಗಿ, ಎಲ್ಲಾ ಟ್ರ್ಯಾಕ್ಟರಿಗೂ ನಾಕ ಗಾಲಿ ಇರ್ತಾವಲ್ಲ. ಅದೇನು ದೊಡ್ಡಸ್ತನ?"

"ಗಾಲಿ ನಾಕ ಖರೆ ಕಾಕಾ. ಆದ್ರ ಟೂ ವೀಲಿನಾಗ ಎಂಜಿನ್ ಶಕ್ತಿ ಹಿಂದಿನ ಎರಡಕ್ಕ ಅಷ್ಟ ಹೋಗ್ತೈತಿ. ಮುಂದಿನವು ಬರೇ ದಾರಿ ತೋರಸ್ತಾವು. ಫೋರ್ ವೀಲಿನಾಗ ಮುಂದಿನವೂ ಎಳಿತಾವು. ಹಸಿ ಎರಿಯೊಳಗ ಹಿಡಿತ ಸಿಗ್ತೈತಿ. ಗಾಲಿ ನಿಂತಲ್ಲೇ ತಿರುಗಿ ಡೀಸೆಲ್ ಸುಡೂದು ಕಮ್ಮಿ ಆಗ್ತೈತಿ."

"ಅಣ್ಣಂದು ಏಳ ವರ್ಷ ಆತು, ಒಂದ ದಿನ ಕೈ ಕೊಟ್ಟಿಲ್ಲ."

"ಕೊಡೂದಿಲ್ಲ. ಅವರದು ಮ್ಯಾಲಿನ ಮಸಾರಿ, ಕೆಂಪು ಮಣ್ಣು. ಮಳಿ ನಿಂತ ಮರುದಿನ ಒಣಗ್ತೈತಿ. ಸಣ್ಣ ಪಟ್ಟಿ, ನಡು ನಡು ಬೇವಿನ ಗಿಡ. ಅಲ್ಲಿ ಟೂ ವೀಲ್ ಚಂದ ತಿರುಗ್ತೈತಿ. ಹಗರ ಇರ್ತೈತಿ, ರಿಪೇರಿನೂ ಕಮ್ಮಿ. ಉಳ್ಳಾಗಡ್ಡಿ ತುಂಬಿದ ಟ್ರೇಲರ್ ಎಳಿಯಾಕ ಅದ ಸಾಕು. ಅವರು ಫೋರ್ ವೀಲ್ ಕೇಳಿದ್ರ ನಾನ ಬ್ಯಾಡ ಅಂತಿದ್ನಿ."

ಕಾಶಪ್ಪನಿಗೆ ಇದು ಹಿಡಿಸಲಿಲ್ಲ. ಅಣ್ಣನಿಗೆ ಹೊಂದಿದ್ದು ತನಗೆ ಹೊಂದುವುದಿಲ್ಲ ಎಂದರೆ ಏನೋ ಕಡಿಮೆಯಾದಂತೆ ಅನ್ನಿಸಿತು. "ಮೂತಿ ಎದ್ರ ಮುಂದ ಇಬ್ಬರು ಕುಂತ್ರಾತು ಬಿಡು," ಎಂದ. ಬಸವೇಶ್ವರಿ ಚಹಾದ ಬಸಿಯನ್ನು ಅಲ್ಲೇ ಕೆಳಗಿಟ್ಟು ಒಳಗೆ ಹೋದಳು.

ಖುಶನುಮಾ ಅದನ್ನು ನೋಡಿದಳು. "ಮಾತು ಬ್ಯಾಡ ಕಾಕಾ. ಒಂದು ಮಳಿ ಆಗ್ಲಿ. ಅಣ್ಣಂದೂ ತರ್ರಿ, ನಾ ಬಾಡಿಗಿ ಕೇಂದ್ರದಿಂದ ಒಂದು ಫೋರ್ ವೀಲ್ ತರ್ತೇನಿ. ನಿಮ್ಮ ಹೊಲದಾಗ ಎರಡೂ ಹೊಡದು ನೋಡೂಣು."

ಉತ್ತರಿ ಮಳೆ ಎರಡು ದಿನ ಹೊಡೆದು ಬಿಟ್ಟಿತು. ಮರುದಿನ ಬೆಳಗ್ಗೆಯೇ ಕಾಶಪ್ಪ ಹೊರಟು ನಿಂತ. ಖುಶನುಮಾ ಹೊಲಕ್ಕೆ ಬಂದು ಹಿಡಿ ಮಣ್ಣು ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. "ಇವತ್ತು ಯಾವುದೂ ಬ್ಯಾಡ. ಫೋರ್ ವೀಲ್ ಅಂದ್ರ ದೋಣಿ ಅಲ್ಲ," ಎಂದು ವಾಪಸು ಹೋದಳು. ದೋಣಿ ಎಂಬ ಮಾತು ಕೇಳಿ ಬಸವೇಶ್ವರಿಗೆ ಒಂದು ಕ್ಷಣ ನಾಚಿಕೆಯಾಯಿತು. ತನ್ನ ಕನಸು ಇವಳಿಗೆ ಹೇಗೆ ಗೊತ್ತಾಯಿತೋ ಅನ್ನಿಸಿತು.

ಹದ ಬಂದ ದಿನ ಬೆಳಕು ಮಸುಕಾಗಿತ್ತು. ಹೊಳೆಯ ಕಡೆಯಿಂದ ಮಂಜು ಬಂದು ಹೊಲದ ಮೇಲೆ ಕುಳಿತಿತ್ತು. ಎಲ್ಲವೂ ದೂರದಲ್ಲಿ ನಡೆಯುತ್ತಿರುವಂತೆ, ಸದ್ದು ಕೂಡ ನಿಧಾನವಾಗಿ ಬರುತ್ತಿರುವಂತೆ ಬಸವೇಶ್ವರಿಗೆ ಕಾಣುತ್ತಿತ್ತು. ಖುಶನುಮಾ ಬಾಡಿಗೆಯ ಫೋರ್ ವೀಲ್ ತಂದು ಬದುವಿನ ಹತ್ತಿರ ನಿಲ್ಲಿಸಿದ್ದಳು. ಕಾಶಪ್ಪ ಅಣ್ಣನ ಟ್ರ್ಯಾಕ್ಟರ್ ಹೊಲಕ್ಕಿಳಿಸಿ ಕಲ್ಟಿವೇಟರ್ ಬಿಟ್ಟ. ಅರ್ಧ ಸಾಲು ಚೆನ್ನಾಗಿಯೇ ಹೋಯಿತು. ತಗ್ಗಿಗೆ ಬಂದಾಗ ಹಿಂದಿನ ಗಾಲಿ ಮಣ್ಣು ಮೆತ್ತಿಕೊಂಡು ತಿರುಗತೊಡಗಿತು. ಮೂತಿ ಎದ್ದಿತು.

"ಏ, ಬಾ! ಮುಂದ ಕುಂದ್ರ ಬಾ!" ಕಾಶಪ್ಪ ಕೂಗಿದ. ಯೋಚಿಸಿ ಕೂಗಿದ್ದಲ್ಲ, ಇಷ್ಟು ವರ್ಷದ ರೂಢಿ.

ಬಸವೇಶ್ವರಿಯ ಕಾಲುಗಳೂ ರೂಢಿಯಂತೆ ನಡೆದವು. ಹತ್ತು ಹೆಜ್ಜೆ ಹೋದಳು. ಎದುರಿಗೆ ಮುಂದಿನ ಗಾಲಿ ಇತ್ತು. ಅವಳು ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿದು, ಗಂಡನ ಮುಖ ನೋಡಿ ಹೇಳಿದಳು.

"ನಾ ಒಲ್ಲೆ. ಹ್ವಾದ ವರ್ಷ ಒಂದ ಗೇಣ ಉಳದಿತ್ರಿ. ನಾ ದಿನಾ ಹಗಲ ಅದನ್ನ ನೋಡ್ತೇನಿ. ಇನ್ನ ಕುಂದ್ರೂದಿಲ್ಲ."

ಕಾಶಪ್ಪ ಬಂಪರ್ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವಳು ಅಲ್ಲಿ ಕುಳಿತಾಗ ತನಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ, ಮುಖ ಯಾವತ್ತೂ ಕಂಡಿರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಎಂಜಿನ್ ಬಂದ್ ಮಾಡಿ ಕೆಳಗಿಳಿದ. "ತಪ್ಪಾತು," ಎಂದ, ಖುಶನುಮಾಳ ಎದುರೇ. ಕಾಶಪ್ಪನಂಥ ಗಂಡಸಿಗೆ ಅದು ಸಣ್ಣ ಮಾತಲ್ಲ.

ಖುಶನುಮಾ ಫೋರ್ ವೀಲ್ ಹತ್ತಿ, ಸೀಟಿನ ಪಕ್ಕದ ಲಿವರ್ ಹಾಕಿ ಮುಂದಿನ ಗಾಲಿಗೂ ಶಕ್ತಿ ಕೊಟ್ಟು ಅದೇ ತಗ್ಗಿಗೆ ಇಳಿಸಿದಳು. ಅಲ್ಲಿ ಅದೂ ಸ್ವಲ್ಪ ತಿಣುಕಿತು. ಆಮೇಲೆ ಮುಂದಿನ ಗಾಲಿ ಮಣ್ಣು ಕಚ್ಚಿ ಎಳೆದುಕೊಂಡು ಹೋಯಿತು. ಸಾಲಿನ ತುದಿಯಲ್ಲಿ ತಿರುಗಲು ಮಾತ್ರ ಹೆಚ್ಚು ಜಾಗ ಬೇಡಿತು.

"ಇದರದೂ ಬ್ಯಾನಿ ಅದಾವು ಕಾಕಾ, ಕೇಳ್ರಿ," ಎಂದಳು ಇಳಿದು ಬಂದು. "ಖರೀದಿ ತುಟ್ಟಿ. ಮುಂದಿನ ಅಚ್ಚಿನಾಗೂ ಗೇರ್ ಇರ್ತಾವು, ಎಣ್ಣಿ ನೋಡ್ಕೋಂತ ಇರಬೇಕು. ಡಾಂಬರ್ ರೋಡಿಗೆ ಬಂದ ಕೂಡ್ಲೆ ಲಿವರ್ ತಗೀಬೇಕು, ಇಲ್ಲಾಂದ್ರ ಟೈರ್ ಸವದು ಹೋಗ್ತಾವು. ಮೂತಿ ಎದ್ರ ಸಾಲಿನ ಆಳ ಕಮ್ಮಿ ಮಾಡ್ರಿ, ಮುಂದ ಕಬ್ಬಿಣದ ತೂಕ ಹಾಕ್ರಿ. ಮಂದಿನ್ನ ಅಲ್ಲ. ಮುಂದ ಮಂದಿ ಕುಂತ್ರ ಹಿಂದಿನ ಗಾಲಿಗೆ ಹಿಡಿತ ಬರೂದೂ ಇಲ್ಲ."

ಕಾಶಪ್ಪ ಹಿಡಿ ಮಣ್ಣೆತ್ತಿ ಹಿಂಡಿ ನೋಡಿದ. "ನಮ್ಮ ಹೊಲ ಕೇಳಿದ್ದ ತರೂಣು," ಎಂದ.

ಹೊಸ ಟ್ರ್ಯಾಕ್ಟರ್ ಬಂದ ಮೇಲೆ ಮೊದಲ ಬಿತ್ತನೆ. ಬಸವೇಶ್ವರಿ ಬುತ್ತಿ ತಂದು ಬದುವಿನ ಮೇಲೆ ನಿಂತಿದ್ದಳು. ಮೈಮೇಲೆ ಅದೇ ಕರೆ ಉಳಿದ ಖಣದ ಕುಪ್ಪಸ. ಮಂಜಿನೊಳಗಿಂದ ಟ್ರ್ಯಾಕ್ಟರ್ ಬಂತು. ಕನಸಿನಲ್ಲಿ ಬಂದಂತೆ ಸದ್ದಿಲ್ಲದೆ ಅಲ್ಲ, ಊರಿಗೆಲ್ಲ ಕೇಳುವಂತೆ ಬಂತು. ಬಂಪರಿನ ಮೇಲೆ ಯಾರೂ ಕುಳಿತಿರಲಿಲ್ಲ. ಅವಳಿಗೆ ಅಳು ಬಂತು, ತಡೆಯಲಿಲ್ಲ. ಆ ದಿನದ ರೊಟ್ಟಿ ಒಂದೂ ಸೀದಿರಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಟ್ರ್ಯಾಕ್ಟರ್ ತರುವ ಮುಂಚೆ ಅಣ್ಣನನ್ನೋ ನೆರೆಯವನನ್ನೋ ಕೇಳುವುದಕ್ಕಿಂತ ನಿಮ್ಮ ಹೊಲವನ್ನು ಕೇಳಿ. ಬೇಗ ಒಣಗುವ ಮಸಾರಿ, ಸಣ್ಣ ಪಟ್ಟಿ, ಹಗುರ ಕೆಲಸ, ಟ್ರೇಲರ್ ಓಡಾಟವೇ ಹೆಚ್ಚಾದರೆ ಟೂ ವೀಲ್ ಡ್ರೈವ್ ಸಾಕು. ಹಸಿ ಎರೆ, ಆಳದ ಉಳುಮೆ, ಭಾರದ ಕೆಲಸವಿದ್ದರೆ ಫೋರ್ ವೀಲ್ ಡ್ರೈವ್ ನೋಡಿ. ಬಾಡಿಗೆಗೆ ತಂದು ನಿಮ್ಮ ಮಣ್ಣಿನಲ್ಲೇ ಹೊಡೆದು ನೋಡಿ, ಆಮೇಲೆ ಆರಿಸಿ. ಯಾವುದೇ ತನ್ನಿ, ಮುಂದೆ ಕಬ್ಬಿಣ ಕೂರಲಿ. ಮನೆಯವರು ಬದುವಿನ ಮೇಲೆ, ನಿಮಗೆ ಮುಖ ಕಾಣುವ ಕಡೆ ನಿಂತಿರಲಿ.