ಆದರಣೆ ಕೂಟವಲ್ಲ, ಸ್ತೋತ್ರ ಕೂಟ

ದಾನಿಯೇಲಪ್ಪನವರು ನಮ್ಮ ಸಭೆಯ ಕಾರ್ಯದರ್ಶಿ. ಹಿರಿಯೂರಿನಲ್ಲಿ ಅವರಷ್ಟು ಚೆನ್ನಾಗಿ ಅಳುವ ಗಂಡಸು ಇನ್ನೊಬ್ಬರಿಲ್ಲ. ಯಾರ ಮನೆಯಲ್ಲಿ ಕಷ್ಟ ಬಂದರೂ ಮೊದಲು ಅವರು ಹಾಜರು, ಅವರ ಜೊತೆಗೇ ಕಣ್ಣೀರೂ ಹಾಜರು. ಒಳ್ಳೆಯ ಮನುಷ್ಯ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಅವರು ಪ್ರಕಟಣೆ ಓದಿದ್ದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

“ಇವತ್ತು ಸಂಜೆ ಐದು ಗಂಟೆಗೆ ಟೈಲರ್ ಜಯಶೀಲಮ್ಮನವರ ಮನೆಯಲ್ಲಿ ಆದರಣೆ ಕೂಟ ಇರುತ್ತದೆ.”

ಆ ಜಯಶೀಲಮ್ಮ ನಾನೇ. ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದು ಸ್ತೋತ್ರ ಕೂಟ ಅಂತ. ಸ್ತೋತ್ರ ಅಂದರೆ ನಮ್ಮಲ್ಲಿ ದೇವರ ಉಪಕಾರ ನೆನೆಯುವುದು. ಮಗು ಹುಟ್ಟಿದರೆ, ಹೊಸ ಮನೆ ಕಟ್ಟಿದರೆ, ಕೆಲಸ ಸಿಕ್ಕರೆ ಸಭೆಯವರನ್ನು ಮನೆಗೆ ಕರೆದು, ಹಾಡಿ, ಸ್ತೋತ್ರ ಹೇಳಿ ಸಿಹಿ ಹಂಚುತ್ತೇವೆ. ಆದರಣೆ ಕೂಟ ನಡೆಯುವುದು ಸತ್ತವರ ಮನೆಯಲ್ಲಿ. ಅಲ್ಲಿ ಬರೀ ಟೀ.

ನಾನು ಎದ್ದು ನಿಂತೆ. ಹೆಂಗಸರ ಸಾಲಿನಿಂದ ಹಾಗೆ ನಡುವೆ ಎದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

“ದಾನಿಯೇಲಪ್ಪಾರೆ, ತಪ್ಪು ಓದಿದ್ರಿ. ಅದು ಸ್ತೋತ್ರ ಕೂಟ.”

“ನೀನೇ ಅವಸರದಾಗೆ ತಪ್ಪು ಬರ್ದಿದೀಯ ಅಂತ ನಾನು ತಿದ್ದಿದೆ ಕಣಮ್ಮಾ,” ಅಂದರು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. “ಅಂಜಲಿಗೆ ಹಿಂಗಾಗಿರೋವಾಗ...”

“ಅಂಜಲಿ ಬದುಕವ್ಳೆ. ನಮ್ಮನೇಲಿ ಯಾರೂ ಸತ್ತಿಲ್ಲ. ತಿದ್ದಿದ್ದನ್ನ ಹೊಡ್ದಾಕಿ ಓದ್ರಿ.”

ಸಭಾಪಾಲಕ ಅಯ್ಯನವರು ಕೆಮ್ಮಿದರು. ದಾನಿಯೇಲಪ್ಪನವರು ಜೇಬಿನಿಂದ ಪೆನ್ನು ತೆಗೆದು, ಹೊಡೆದುಹಾಕಿ, ಮತ್ತೆ ಓದಿದರು. ಕಣ್ಣಲ್ಲಿ ಆಗಲೇ ನೀರು.

ಅಂಜಲಿ ನನ್ನ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ. ಅವಳಪ್ಪ ತೀರಿಕೊಂಡ ಮೇಲೆ ಮನೆಯಲ್ಲಿರುವುದು ನಾವಿಬ್ಬರೇ. ಐದು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಅವಳ ಸ್ಕೂಟಿಗೆ ಲಾರಿ ಬಡಿದು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಉಳಿಯುತ್ತಾಳೋ ಇಲ್ಲವೋ ಅಂದಿದ್ದ ಡಾಕ್ಟರೇ ಆಮೇಲೆ ನಗುತ್ತಾ ಮನೆಗೆ ಕಳಿಸಿದರು. ಗಾಯ ಮಾಗಿತು, ಊರುಗೋಲು ರೂಢಿಯಾಯಿತು. ಆದರೆ ಹುಡುಗಿ ಹೊಸಿಲು ದಾಟಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಒಳಗಿನ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಬಂದವರು ಹೊರಗೆ ಕೂತು ಅಯ್ಯೋ ಪಾಪ ಅನ್ನುವುದನ್ನು ಗೋಡೆಯಾಚೆಯಿಂದ ಕೇಳುತ್ತಿದ್ದಳು.

ಮಾರನೆಯ ದಿನ ಚಿತ್ರದುರ್ಗದಲ್ಲಿ ಕೃತಕ ಕಾಲಿಗೆ ಅಳತೆ ತೆಗೆಯುವ ಶಿಬಿರವಿತ್ತು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡುತ್ತಾರೆ, ನಾನು ಬರುವುದಿಲ್ಲ ಅಂತ ಅವಳ ಹಟ. ಮನೆ ತುಂಬ ಜನ ಕರೆಯುತ್ತೇನೆ, ನೋಡುವವರೆಲ್ಲ ಒಂದೇ ಸಲ ನೋಡಿಬಿಡಲಿ ಅಂತ ನನ್ನ ಹಟ. ಅದಕ್ಕಿಂತ ಹೆಚ್ಚಾಗಿ, ಮಗಳು ಉಳಿದಳು ಅಂತ ಒಮ್ಮೆ ಬಾಯಿ ತುಂಬ ಹೇಳಬೇಕಿತ್ತು ನನಗೆ.

ಮಧ್ಯಾಹ್ನ ಪಕ್ಕದ ಮನೆಯ ಸರ್ವಮಂಗಳ ಕೇಸರಿಬಾತಿಗೆ ರವೆ ಹುರಿಯಲು ಬಂದಳು. ಲಿಂಗಪೂಜೆ ಮುಗಿಸದೆ ನೀರೂ ಮುಟ್ಟದವಳು, ನಮ್ಮ ಕ್ರಿಸ್‌ಮಸ್ಸಿಗೆ ಮಾತ್ರ ನನಗಿಂತ ಮೊದಲು ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತಾಳೆ.

“ಅಲ್ಲ ಕಣೆ, ಕಾಲು ಹೋಗಿದ್ದಕ್ಕೆ ಯಾರಾದ್ರೂ ಸ್ತೋತ್ರ ಹೇಳ್ತಾರಾ? ನಿಂಗೆ ತಲೆ ಸರಿ ಐತಾ?”

“ಹೋಗಿದ್ದಕ್ಕಲ್ಲ. ಹೋದ್ರೂನೂ.”

ಅವಳು ಬಾಣಲೆಯ ರವೆಯನ್ನು ಒಮ್ಮೆ ಜೋರಾಗಿ ಮಗುಚಿದಳು. “ಹಂಗಾದ್ರೆ ಇನ್ನೊಂದು ಸೌಟು ತುಪ್ಪ ಹಾಕು,” ಅಂದಳು.

“ನನ್ನ ಬಿಟ್ಟು ಮಾಡ್ಕಳ್ರಿ ನಿಮ್ಮ ಸ್ತೋತ್ರಾನ,” ಅಂತ ಒಳಗಿನಿಂದ ಅಂಜಲಿಯ ದನಿ ಬಂತು. ಆಮೇಲೆ ಚಿಲಕದ ಸದ್ದು.

ಐದಕ್ಕೆ ಮೂವತ್ತು ಜನ ಬಂದರು. ಚೀಟಿ ತಿದ್ದಿಸಿದ್ದರೂ ಮುಖ ಯಾರೂ ತಿದ್ದಿಕೊಂಡು ಬಂದಿರಲಿಲ್ಲ. ಆಸ್ಪತ್ರೆಗೆ ಬಂದವರ ಹಾಗೆ ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಕೇಸರಿಬಾತ್ ತಟ್ಟೆ ಕಂಡು ಇಬ್ಬರು ಮುಖ ಮುಖ ನೋಡಿಕೊಂಡರು. ಒಂದು ಹಾಡು ಆಯಿತು. ಪ್ರಾರ್ಥನೆಗೆ ಅಯ್ಯನವರು ದಾನಿಯೇಲಪ್ಪನವರನ್ನು ಕರೆದಾಗಲೇ ನಾನು ಕೋಣೆಯ ಬಾಗಿಲ ಕಡೆ ನೋಡಿದೆ.

“ಕರ್ತನೇ, ಸಮಸ್ತವನ್ನೂ ಕಳೆದುಕೊಂಡ ಈ ನತದೃಷ್ಟ ಮಗಳನ್ನು ಕನಿಕರಿಸು. ಇವಳಿಗೆ ಮದುವೆಯ ಭಾಗ್ಯವಿಲ್ಲ, ಮುಂದೆ ದಾರಿಯಿಲ್ಲ...”

ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಎಲ್ಲ ಕೆಟ್ಟಿತು, ಇನ್ನು ಇವಳು ಈ ಜನ್ಮದಲ್ಲಿ ಹೊರಗೆ ಬರುವುದಿಲ್ಲ ಅನ್ನಿಸಿತು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು.

“ದಾನಿಯೇಲಪ್ಪಾರೆ, ಒಂದ್ನಿಮಿಷ ನಿಲ್ಸ್ರಿ. ಸಮಸ್ತ ಅಲ್ಲ. ಒಂದು ಕಾಲು. ಅದೂ ಮೊಣಕಾಲಿಂದ ಕೆಳಗೆ. ದೇವ್ರ ಹತ್ರ ಸರಿಯಾಗಿ ಹೇಳ್ರಿ.”

ಮೂವತ್ತು ಜನರೂ ಕಣ್ಣು ತೆರೆದರು. ಅಂಜಲಿ ಎರಡು ಊರುಗೋಲಿನ ಮೇಲೆ ನಿಂತಿದ್ದಳು, ಮುಖ ಕೆಂಪಗೆ. ಅವಳಿಗೇ ಸ್ತೋತ್ರ ಹೇಳುವುದಿದೆ ಅಂತ ಅಯ್ಯನವರಿಗೆ ಹೇಗೆ ತಿಳಿಯಿತೋ, ಕುರ್ಚಿ ಎಳೆದುಕೊಟ್ಟರು. ನಮ್ಮಲ್ಲಿ ಸ್ತೋತ್ರ ಹೇಳುವವರು ನಿಂತು ಹೇಳುವುದು ರೂಢಿ. “ನೀನು ಕೂತ್ಕೊಂಡೇ ಹೇಳಮ್ಮ, ಪರವಾಗಿಲ್ಲ,” ಅಂದರು.

“ನಿಂತೇ ಹೇಳ್ತೀನಿ ಅಯ್ಯನೋರೆ.”

ಉಸಿರು ಎಳೆದುಕೊಂಡಳು. “ಕಾಲು ಹೋಗಿದ್ದಕ್ಕೆ ನಾ ಸ್ತೋತ್ರ ಹೇಳಲ್ಲ. ಯಾಕೆ ಹಂಗಾಯ್ತು ಅಂತ ದೇವ್ರನ್ನ ದಿನಾ ಕೇಳ್ತಾ ಇದೀನಿ, ಉತ್ತರ ಬರೋಗಂಟ ಬಿಡಲ್ಲ. ಆದ್ರೆ ಅವತ್ತು ರೋಡಿನಾಗೆ ಕುರಿ ಹೊಡ್ಕಂಡು ಬರ್ತಿದ್ದ ಒಬ್ಬ ಅಜ್ಜ ತಲೆ ರುಮಾಲು ಬಿಚ್ಚಿ ನನ್ನ ಕಾಲಿಗೆ ಬಿಗ್ದು ಕಟ್ಟಿದ. ಕುರಿಗಳೆಲ್ಲ ಚದುರಿ ಹೋದ್ವು. ಅವ್ನು ತಿರುಗಿ ನೋಡ್ಲಿಲ್ಲ, ಆಂಬುಲೆನ್ಸ್ ಬರೋಗಂಟ ಬಿಗಿಯಾಗಿ ಹಿಡ್ಕಂಡಿದ್ದ. ಅವ್ನ ಹೆಸ್ರೂ ನಂಗೊತ್ತಿಲ್ಲ. ಅವನಿಗೋಸ್ಕರ ಸ್ತೋತ್ರ.”

ಇದನ್ನು ಅವಳು ನನಗೂ ಹೇಳಿರಲಿಲ್ಲ. ಯಾರೋ ಒಬ್ಬರು ಮೆಲ್ಲಗೆ ಸ್ತೋತ್ರ ಅಂದರು.

“ಅಮ್ಮ ನನ್ನೆದುರು ಒಂದಿನಾನೂ ಅಳ್ಲಿಲ್ಲ. ಅಳಾದೇನಿದ್ರೂ ಬಚ್ಚಲಿನಾಗೆ, ನಲ್ಲಿ ಬಿಟ್ಕಂಡು. ಹೊರಗೆ ಬಂದು ನಂಗೆ ಬೈಯ್ತಿದ್ಲು. ಅದಕ್ಕೂ ಸ್ತೋತ್ರ.”

ನಲ್ಲಿಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ ಅಂದುಕೊಂಡಿದ್ದೆ. ಅವತ್ತು ನಾನು ಎಲ್ಲರೆದುರಿಗೇ ಅತ್ತೆ. ಈ ಸಲ ಮೂವತ್ತು ಜನವೂ ಒಟ್ಟಿಗೆ ಸ್ತೋತ್ರ ಅಂದರು. ಅಡುಗೆಮನೆಯಿಂದ ಸರ್ವಮಂಗಳ ಎಲ್ಲರಿಗಿಂತ ಜೋರಾಗಿ ಅಂದಳು.

“ನಿಮ್ಮ ಪ್ರಾರ್ಥನೆ ಅರ್ಧಕ್ಕೆ ನಿಂತೈತೆ, ಮುಗಿಸ್ರಿ,” ಅಂದಳು ಅಂಜಲಿ.

ದಾನಿಯೇಲಪ್ಪನವರು ಕಣ್ಣು ಮುಚ್ಚಿದರು. “ಕರ್ತನೇ, ಒಂದು ಕಾಲು...” ಅಂದು ತಡೆದರು. “ಮೊಣಕಾಲಿನ ಕೆಳಗೆ ಮಾತ್ರ ಕಳೆದುಕೊಂಡ ಈ ಮಗಳಿಗಾಗಿ ಸ್ತೋತ್ರ.” ಬೇರೆ ಮಾತು ಹೊಳೆಯದೆ ಆಮೆನ್ ಅಂದುಬಿಟ್ಟರು.

ಕೇಸರಿಬಾತ್ ತಳ ಕಂಡಿತು. ಹೊರಡುವಾಗ ಅವರು ಚಪ್ಪಲಿ ಹುಡುಕುತ್ತಾ, “ನಾಳೆ ದುರ್ಗಕ್ಕೆ ಕಾರು ಹೇಳ್ಲೇನಮ್ಮ? ಯಾರ ಕಣ್ಣಿಗೂ ಬೀಳದಂಗೆ ಹೋಗಿ ಬರಬೋದು,” ಅಂದರು.

“ಕಾರು ಬ್ಯಾಡ, ಬಸ್ಸಿನಾಗೇ ಹೋಗಾಣ,” ಅಂದಳು ಅಂಜಲಿ, ನನ್ನ ಕಡೆ ತಿರುಗಿ. “ಕಿಟಕಿ ಸೀಟು ನಂಗೇ ಬೇಕು ಅಮ್ಮ. ನೋಡೋರು ನೋಡ್ಲಿ. ನಾನೂ ಅವ್ರನ್ನ ನೋಡ್ತೀನಿ.”